ಹಲ್ಲಿನ ಪಂಚಾಂಗ

ಆ ಪ್ರಬಂಧಗಳೆಲ್ಲ ಸುತ್ತಿ ಬಳಸಿ ಕೊನೆಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದವು. ವಿನಾಲ್ ಎಂಬ ದ್ರಾವಕದ ಆವಿಯಿಂದ ಕಾರ್ಮಿಕರ ನರಗಳಿಗೆ ಹಾನಿಯಾಗುತ್ತಿರಬಹುದು, ಆಗದೆಯೂ ಇರಬಹುದು. ಯಾರು ಎಷ್ಟು ವರ್ಷ ಎಷ್ಟು ಆವಿ ಕುಡಿದರೆಂಬುದು ಯಾರಿಗೂ ತಿಳಿಯದ ಕಾರಣ ಹೀಗೆಯೇ ಎಂದು ಹೇಳಲಾಗದು. ಡಾ. ರೇವತಿ ಕುಂದರಗಿ ಎರಡು ವರ್ಷಗಳಲ್ಲಿ ಅಂಥ ಆರುನೂರ ಹದಿನೇಳು ಪ್ರಬಂಧಗಳನ್ನು ಓದಿದ್ದಳು. ಕೆಲವನ್ನು ಎರಡೆರಡು ಸಲ. ಓದುವುದೇ ಅವಳ ಕೆಲಸ. ಧಾರವಾಡದ ಔದ್ಯೋಗಿಕ ಆರೋಗ್ಯ ಕೇಂದ್ರದಲ್ಲಿ ಕೂತು, ವಿನಾಲ್ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಏನು ಬರೆದರೂ ತರಿಸಿ, ಓದಿ, ತೂಗಿ, ಸರ್ಕಾರದ ಪರಾಮರ್ಶೆ ಸಮಿತಿಯ ಕಾರ್ಯದರ್ಶಿಯಾಗಿ ಅದರ ಮುಂದೆ ಇಡಬೇಕು. ಹಾನಿಕರವೆಂದು ಸಮಿತಿ ಒಪ್ಪಿದರೆ ವಿನಾಲ್ ಕಾರ್ಖಾನೆಗಳಿಂದ ಹೊರಬೀಳುತ್ತದೆ.

ಲೋಹದ ಬಿಡಿಭಾಗಗಳ ಎಣ್ಣೆ ಜಿಡ್ಡು ತೊಳೆಯಲು ಹಿಂದೆ ಬಳಸುತ್ತಿದ್ದ ದ್ರಾವಕ ಕ್ಯಾನ್ಸರ್ ತರುತ್ತದೆಂದು ನಿಂತುಹೋದಾಗ, ಅದರ ಬದಲಿಗೆ ೨೦೨೮ರಲ್ಲಿ ಬಂದದ್ದು ಈ ವಿನಾಲ್. ಬರುವಾಗಲೇ 'ಸುರಕ್ಷಿತ' ಎಂಬ ಹಸಿರು ಚೀಟಿ ಅಂಟಿಸಿಕೊಂಡು ಬಂದಿತ್ತು. ಟ್ಯಾಂಕಿನ ತಳದಲ್ಲಿ ಅದನ್ನು ಕಾಯಿಸುತ್ತಾರೆ. ಆವಿ ಏಳುತ್ತದೆ. ವಾಲ್ವು, ನಟ್ಟು, ಬೋಲ್ಟುಗಳನ್ನು ತಂತಿಯ ಬುಟ್ಟಿಯಲ್ಲಿಟ್ಟು ಆ ಆವಿಗೆ ಇಳಿಬಿಟ್ಟರೆ ಎರಡು ನಿಮಿಷದಲ್ಲಿ ಬೆಳಗಿದ ಬೆಳ್ಳಿಯ ಹಾಗೆ ಹೊರಗೆ ಬರುತ್ತವೆ. ಕಳಿತ ಬಾಳೆಹಣ್ಣಿನಂಥ ಸಿಹಿ ವಾಸನೆ. ಹುಬ್ಬಳ್ಳಿಯ ಹೊರವಲಯದ ವಾಲ್ವ್ ಕಾರ್ಖಾನೆಯಲ್ಲಿ ಇಂಥ ಟ್ಯಾಂಕುಗಳು ಸಾಲಾಗಿದ್ದವು. ಅವುಗಳ ಮುಂದೆ ಇಪ್ಪತ್ತು ವರ್ಷ ನಿಂತವರಲ್ಲಿ ಅನೇಕರಿಗೆ ಐವತ್ತೈದು ದಾಟುವಷ್ಟರಲ್ಲಿ ಕೈ ನಡುಗಲು ಶುರುವಾಗುತ್ತಿತ್ತು. ಆದರೆ ಟ್ಯಾಂಕನ್ನೇ ನೋಡದ ಎಷ್ಟೋ ಮುದುಕರಿಗೂ ಕೈ ನಡುಗುತ್ತದೆ. ಪ್ರಬಂಧಗಳು ಎಡವುತ್ತಿದ್ದದ್ದು ಅಲ್ಲೇ.

ಈ ತೊಡಕಿಗೆ ದಾರಿ ತೋರಿಸಿದವನು ಅದೇ ಕೇಂದ್ರದ ಸದಾನಂದ ಇಟಗಿ. ಯಂತ್ರಗಳೊಂದಿಗೇ ಹೆಚ್ಚು ಮಾತಾಡುವ, ಮನುಷ್ಯರೊಂದಿಗೆ ಕಡಿಮೆ ಮಾತಾಡುವ ಎಂಜಿನಿಯರ್. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುವ ಹಾಗೆ ಮನುಷ್ಯನ ಹಲ್ಲಿನ ಬೇರಿನ ಮೇಲೂ ವರ್ಷಕ್ಕೊಂದು ತೆಳುಪದರ ಕೂಡುತ್ತ ಹೋಗುತ್ತದೆ. ವಿನಾಲ್ ರಕ್ತಕ್ಕೆ ಸೇರಿದ ವರ್ಷ ಅದರ ಚೂರೊಂದು ಆ ವರ್ಷದ ಪದರದಲ್ಲಿ ಸಿಕ್ಕಿಕೊಂಡು ಕೂರುತ್ತದೆಂದು ಸದಾನಂದ ಕಂಡುಕೊಂಡ. ಬೆಳಕಿನ ಸೂಜಿಯಿಂದ ಒಂದೊಂದೇ ಪದರವನ್ನು ಕೆರೆದು, ಎದ್ದ ಪುಡಿಯನ್ನು ಅಳೆಯುವ ಯಂತ್ರ ಕಟ್ಟಿದ. ಕಿತ್ತ ಒಂದು ಹಲ್ಲು ಕೊಟ್ಟರೆ ಸಾಕು, ಆ ಮನುಷ್ಯ ಯಾವ ವರ್ಷ ಎಷ್ಟು ವಿನಾಲ್ ಉಸಿರಾಡಿದ್ದ ಎಂದು ಗೆರೆ ಎಳೆದು ತೋರಿಸುತ್ತಿತ್ತು. ಪ್ರಯೋಗಾಲಯದವರು ಅದನ್ನು ಪಂಚಾಂಗ ಎಂದು ಕರೆದರು.

ಮೊದಲ ಹಲ್ಲು ಕೊಟ್ಟವನು ಚನ್ನಬಸಪ್ಪ ಹಾದಿಮನಿ. ಇಪ್ಪತ್ತೆರಡು ವರ್ಷ ಟ್ಯಾಂಕಿನ ಮುಂದೆ ದುಡಿದು, ಬುಟ್ಟಿ ಹಿಡಿಯಲಾಗದಷ್ಟು ಕೈ ನಡುಗತೊಡಗಿದಾಗ ಕೆಲಸ ಬಿಟ್ಟವನು. ಅಲುಗಾಡುತ್ತಿದ್ದ ಎರಡು ದವಡೆಹಲ್ಲುಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಕೀಳಿಸಿಕೊಂಡು, ಕರವಸ್ತ್ರದಲ್ಲಿ ಗಂಟು ಕಟ್ಟಿ ರೇವತಿಗೆ ಕೊಟ್ಟಿದ್ದ. ಮೂರು ವಾರದ ನಂತರ ಅವಳು ಫಲಿತಾಂಶ ತೋರಿಸಲು ಅವನ ಮನೆಗೆ ಹೋದಳು. ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಹೆಂಡತಿ ನೀಲವ್ವ ಅವನಿಗೆ ಬಟ್ಟಲಿನಿಂದ ಚಹಾ ಕುಡಿಸುತ್ತಿದ್ದಳು. ಸೊಸೆ ಕಸ್ತೂರಿ ಕೆಲಸದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವಳೂ ಅದೇ ಟ್ಯಾಂಕಿನ ಕೆಲಸಕ್ಕೆ ಸೇರಿದ್ದಳು.

ರೇವತಿ ಪರದೆಯ ಮೇಲೆ ಗೆರೆ ತೋರಿಸಿದಳು. ಮೊದಮೊದಲು ನೆಲಕ್ಕಂಟಿದ್ದ ಗೆರೆ ೨೦೨೮ರಿಂದ ಏರುತ್ತ ಹೋಗಿತ್ತು. ನಡುವೆ ಒಂದು ವರ್ಷ ಮಾತ್ರ ಒಮ್ಮೆಲೇ ಕುಸಿದು ಮತ್ತೆ ಎದ್ದಿತ್ತು. ಆ ಕುಸಿತ ಯಂತ್ರದ ತಪ್ಪಿರಬೇಕೆಂದು ಅವಳೂ ಸದಾನಂದನೂ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಚನ್ನಬಸಪ್ಪ ಅದು ಯಾವ ವರ್ಷವೆಂದು ಕೇಳಿದ. ೨೦೪೧ ಎಂದಳು.

"ಆ ವರ್ಷ ಲಾಕೌಟ್ ಇತ್ರಿ," ಎಂದ ಅವನು. "ಏಳು ತಿಂಗಳು ಗೇಟ್ ಮುಚ್ಚಿತ್ತು. ಮನ್ಯಾಗ ಕುಂತಿದ್ವಿ."

ನೀಲವ್ವ ಬಟ್ಟಲನ್ನು ಕೆಳಗಿಟ್ಟು, ಆ ಏಳು ತಿಂಗಳು ಇವರ ತಲೆನೋವು ನಿಂತಿತ್ತು, ಮನೆಯ ಊಟ ಹಿಡಿಸಿತು ಅಂದುಕೊಂಡಿದ್ದೆ ಎಂದು ಹೇಳಿದಳು. ಆರುನೂರ ಹದಿನೇಳು ಪ್ರಬಂಧಗಳಲ್ಲಿ ಸಿಗದಿದ್ದದ್ದು ಒಂದು ಹಲ್ಲಿನಲ್ಲಿತ್ತು.

ಪರಾಮರ್ಶೆ ಸಮಿತಿ ಪಂಚಾಂಗವನ್ನು ಒಪ್ಪಿತು. ಆದರೆ ಒಬ್ಬನ ಹಲ್ಲು ಒಬ್ಬನದೇ ಕಥೆ. ಕೈ ನಡುಗುವವರದೂ ನಡುಗದವರದೂ ಸೇರಿ ಕನಿಷ್ಠ ಇನ್ನೂರೈವತ್ತು ಜನರ ಹಲ್ಲು ಬೇಕು, ಹತ್ತು ತಿಂಗಳೊಳಗೆ ಬೇಕು ಎಂದಿತು. ಗಟ್ಟಿ ಹಲ್ಲು ಕೀಳುವಂತಿಲ್ಲ. ತಾನಾಗಿ ಬಿದ್ದದ್ದು ಇಲ್ಲವೆ ಹೇಗೂ ಕೀಳಲೇಬೇಕಾದದ್ದು ಮಾತ್ರ. ಜೊತೆಗೆ, ಅಧ್ಯಯನ ಹೇಗೆ ನಡೆಯುತ್ತದೆ, ಯಾವ ಕಾರ್ಖಾನೆ, ಎಷ್ಟು ಹಲ್ಲು, ಯಾವ ದಿನದೊಳಗೆ ಎಂಬುದನ್ನೆಲ್ಲ ಮೊದಲೇ ಸಾರ್ವಜನಿಕವಾಗಿ ಪ್ರಕಟಿಸಬೇಕು. ವಿಜ್ಞಾನಿಗಳು ಆಮೇಲೆ ತಮಗೆ ಬೇಕಾದಂತೆ ಲೆಕ್ಕ ತಿರುಚಬಾರದೆಂದು ಮಾಡಿದ ಒಳ್ಳೆಯ ನಿಯಮ ಅದು. ರೇವತಿಯೇ ಆ ಯೋಜನೆಯನ್ನು ಬರೆದು, ತಾನೇ ಜಾಲತಾಣಕ್ಕೆ ಏರಿಸಿದಳು.

ಕಾರ್ಖಾನೆಯಲ್ಲಿ ಟ್ಯಾಂಕಿನ ಕೆಲಸ ಮಾಡಿದವರು, ಈಗಲೂ ಮಾಡುತ್ತಿರುವವರು ಸೇರಿ ಮುನ್ನೂರ ನಲವತ್ತು ಜನರ ಪಟ್ಟಿ ಅವಳ ಬಳಿ ಇತ್ತು. ಮೊದಲು ಜನ ನಕ್ಕರು. ಹಲ್ಲು ಬೇಡುವ ಡಾಕ್ಟರಮ್ಮ ಎಂದು ಓಣಿಯಲ್ಲಿ ಹೆಸರಾಯಿತು. ಚನ್ನಬಸಪ್ಪ ನೀಲವ್ವನ ತೋಳು ಹಿಡಿದು ಮನೆಮನೆಗೆ ಹೋಗಿ, ತನ್ನ ಲಾಕೌಟ್ ವರ್ಷ ಹಲ್ಲಿನಲ್ಲಿ ಬರೆದಿತ್ತೆಂದು ಹೇಳಿದ ಮೇಲೆ ನಗು ನಿಂತಿತು. ಕೆಲವರು ಬಿದ್ದ ಹಲ್ಲನ್ನು ದೇವರ ಜಗಲಿಯ ಮೇಲಿಟ್ಟು ಅವಳಿಗಾಗಿ ಕಾಯುತ್ತಿದ್ದರು. ಒಬ್ಬಾಕೆ ತೀರಿಕೊಂಡ ಗಂಡನ ಹಲ್ಲನ್ನು ಎಲೆಅಡಿಕೆಯ ಡಬ್ಬಿಯಿಂದ ತೆಗೆದು ಕೊಟ್ಟಳು. ಏಳು ತಿಂಗಳಲ್ಲಿ ನೂರ ಹದಿನೆಂಟಾದವು. ಉಳಿದವರಲ್ಲಿ ಹೆಚ್ಚಿನವರ ಬಾಯಿಯ ಸ್ಥಿತಿ ನೋಡಿದರೆ ಮಿಕ್ಕ ಮೂರು ತಿಂಗಳಲ್ಲಿ ಸಂಖ್ಯೆ ತುಂಬುವುದರಲ್ಲಿ ಸಂಶಯವಿರಲಿಲ್ಲ.

ಆಗ ಅವಳು ಬೇರೆ ದೇಶಗಳ ಪರಾಮರ್ಶಕರ ಜೊತೆಗಿನ ಸಭೆಗೆಂದು ದಿಲ್ಲಿಗೆ ಹೋದಳು. ಸಭೆಯ ಬೆನ್ನಿಗೆ ತರಬೇತಿಯೂ ಇದ್ದು, ಮರಳುವಷ್ಟರಲ್ಲಿ ಮೂರು ವಾರವಾಯಿತು.

ಮರಳಿದ ಮರುದಿನ ಬೆಳಿಗ್ಗೆ ಹಲ್ಲಿನ ಪೆಟ್ಟಿಗೆ ಹಿಡಿದು ಓಣಿಗೆ ಹೋದಾಗ ಮೊದಲು ಸಿಕ್ಕವನು ಮೆಹಬೂಬಸಾಬ ನದಾಫ. ಚನ್ನಬಸಪ್ಪನ ಜೊತೆ ಒಂದೇ ಟ್ಯಾಂಕಿನಲ್ಲಿ ದುಡಿದವನು. ಎರಡು ಹಲ್ಲು ಅಲುಗಾಡುತ್ತಿವೆ, ನೀವು ದಿಲ್ಲಿಯಿಂದ ಬಂದ ಮೇಲೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದವನು. ಕಟ್ಟೆಯ ಮೇಲೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದ. ಅವಳನ್ನು ನೋಡಿ ನಕ್ಕ. ಬಾಯಿ ತುಂಬ ಒಂದೇ ಸಮನಾದ ಬಿಳಿ ಹಲ್ಲು.

"ನೋಡ್ರಿ ಮೇಡಂ," ಎಂದ. "ಶೇಂಗಾ ತಿಂದು ಹತ್ತ ವರ್ಷ ಆಗಿತ್ತು."

ಕಾರ್ಖಾನೆಯವರು ದಂತ ಶಿಬಿರ ಮಾಡಿದರಂತೆ. ಹಳೆಯ ಕಾರ್ಮಿಕರಿಗೆ ಸೇವೆ ಎಂದು. ಹಾಳಾದ ಹಲ್ಲನ್ನೆಲ್ಲ ಕಿತ್ತು, ಬಾಯಿಯ ಅಳತೆಯನ್ನು ಯಂತ್ರದಲ್ಲಿ ತೆಗೆದು, ಅಲ್ಲೇ ಗಂಟೆಯೊಳಗೆ ಹೊಸ ಹಲ್ಲಿನ ಸೆಟ್ ಅಚ್ಚು ಹಾಕಿ ಕೊಟ್ಟರಂತೆ. ಮೂರು ರವಿವಾರ ನಡೆಯಿತು, ಊಟವೂ ಇತ್ತು. ರೇವತಿ ತನ್ನ ದನಿ ಏರದಂತೆ ನೋಡಿಕೊಂಡು, ಕಿತ್ತ ಹಲ್ಲು ಎಲ್ಲಿ ಎಂದು ಕೇಳಿದಳು. ಮೆಹಬೂಬಸಾಬನ ಮುಖ ಚಿಕ್ಕದಾಯಿತು. ನಿಮಗೆ ಬೇಕು ಎಂದು ಕೇಳಿದೆ, ಕೊಡುವ ಹಾಗಿಲ್ಲ, ಕಾನೂನು ಇದೆ ಎಂದರು ಎಂದ. ಅವನು ಹೇಳಿದ್ದು ಸುಳ್ಳಲ್ಲ. ಕಿತ್ತ ಹಲ್ಲು ಆಸ್ಪತ್ರೆಯ ತ್ಯಾಜ್ಯ. ಅದನ್ನು ಮನೆಗೆ ಕೊಡಲು ಸಾಮಾನ್ಯವಾಗಿ ಬಿಡುವುದಿಲ್ಲ.

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಮತ್ತೊಂದು ಹಿಡಿ ಶೇಂಗಾ ಅವಳ ಕೈಗೆ ಹಾಕಿದ. ಅದನ್ನು ಹಿಡಿದುಕೊಂಡೇ ಅವಳು ಓಣಿಯ ಕೊನೆಯವರೆಗೆ ಹೋದಳು. ಮನೆಮನೆಯಲ್ಲೂ ಹೊಸ ಹಲ್ಲು. ಅವಳಿಗೆ ಇನ್ನೂ ಹಲ್ಲು ಕೊಡದಿದ್ದವರಲ್ಲಿ ಇನ್ನೂರ ನಾಲ್ಕು ಜನ ಹೋಗಿದ್ದರು. ಹೋಗದೆ ಉಳಿದವರು ಹದಿನೆಂಟು. ಎಲ್ಲ ಚಿಕ್ಕ ವಯಸ್ಸಿನ, ಗಟ್ಟಿ ಹಲ್ಲಿನ ಹೊಸ ಕೆಲಸಗಾರರು.

ಮಧ್ಯಾಹ್ನ ಮನೆಗೆ ಬಂದಾಗ ಅವಳ ಗಂಡ ಡಾ. ಉದಯ ಊಟಕ್ಕೆ ಕೂತಿದ್ದ. ಉದಯ ಹುಬ್ಬಳ್ಳಿಯಲ್ಲಿ ಹೆಸರಿದ್ದ ದಂತವೈದ್ಯ. ಅವಳು ಶಿಬಿರದ ವಿಷಯ ಹೇಳತೊಡಗಿದಾಗ ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಆ ಶಿಬಿರಕ್ಕೆ ಹೋದ ಆರು ವೈದ್ಯರಲ್ಲಿ ತಾನೂ ಒಬ್ಬ ಎಂದ. ದಂತವೈದ್ಯರ ಸಂಘದಿಂದ ಕರೆ ಬಂದಿತ್ತು. ಬಡ ಕಾರ್ಮಿಕರ ಶಿಬಿರ ಎಂದಿದ್ದರು. ಕಾರ್ಖಾನೆಯ ಹೆಸರು ಅಲ್ಲಿಗೆ ಹೋದ ಮೇಲೇ ತಿಳಿದದ್ದು. ಆಗಲೂ ಅವಳ ಹಲ್ಲಿನ ಕೆಲಸ ನೆನಪಾಗಲಿಲ್ಲ. ಎದುರಿಗೆ ಕೂತ ಮುದುಕರ ಬಾಯಿಗಳಷ್ಟೇ ಕಂಡವು.

"ಒಂದು ಹಲ್ಲೂ ಸುಮ್ನ ಕಿತ್ತಿಲ್ಲ ನಾ, ರೇವತಿ," ಎಂದ. "ಕೀವು ತುಂಬಿತ್ತು. ನೀನೇ ಅಲ್ಲಿ ಇದ್ದಿದ್ರೂ ಕೀಳಸು ಅಂತಿದ್ದಿ."

"ನಾನು ಇಲ್ಲದ ಮೂರು ವಾರನ ಯಾಕ ಅಂತ ಅನಸಲಿಲ್ಲೇನು ನಿಮಗ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಸುಳ್ಳು ಹೇಳಿದವನಲ್ಲ. ಅನಿಸಲಿಲ್ಲ ಎಂದ. ನಂತರ ಕೈ ತೊಳೆದು, ಅಂಗಿ ಹಾಕಿಕೊಂಡು ಹೊರಟ. ಕೊನೆಯ ರವಿವಾರದ ಹಲ್ಲುಗಳು ಶಿಬಿರದ ಕೋಣೆಯಲ್ಲೇ ಇರಬಹುದು, ತ್ಯಾಜ್ಯದ ಗಾಡಿ ಇನ್ನೂ ಬಂದಿರಲಿಕ್ಕಿಲ್ಲ ಎಂದಷ್ಟೇ ಹೇಳಿದ. ಯಾರನ್ನು ಹೇಗೆ ಒಪ್ಪಿಸಿದನೋ, ಎರಡು ತಾಸಿನ ಮೇಲೆ ದೊಡ್ಡ ಪ್ಲಾಸ್ಟಿಕ್ ಜಾಡಿಯೊಂದನ್ನು ಎದೆಗವಚಿಕೊಂಡು, ಅವಳು ಕಾಯುತ್ತಿದ್ದ ಕೇಂದ್ರಕ್ಕೇ ಬಂದ. ಒಳಗೆ ಎಪ್ಪತ್ತೊಂದು ಪುಟ್ಟ ಚೀಲಗಳು. ಪ್ರತಿ ಚೀಲದ ಮೇಲೂ ರೋಗಿಯ ಹೆಸರಿತ್ತು. ಹಳೆಯ ಎರಡು ರವಿವಾರದವು ಸುಟ್ಟು ಬೂದಿಯಾಗಿದ್ದವು. ಎಪ್ಪತ್ತೊಂದಾದರೆ ನೂರ ಎಂಬತ್ತೊಂಬತ್ತು. ಇನ್ನೂರೈವತ್ತಲ್ಲದಿದ್ದರೂ ಸಮಿತಿಯ ಮುಂದೆ ವಾದಿಸಬಹುದಾದ ಸಂಖ್ಯೆ. ರೇವತಿ ಗಂಡನ ತೋಳು ಹಿಡಿದುಕೊಂಡಳು.

ಸದಾನಂದ ಜಾಡಿಯ ಮುಚ್ಚಳ ತೆಗೆದು ಮುಖ ಹಿಂದಕ್ಕೆಳೆದುಕೊಂಡ. ಬ್ಲೀಚಿಂಗ್ ನೀರಿನ ಘಾಟು. ಸೋಂಕು ಹರಡದಿರಲೆಂದು ಕಿತ್ತ ಹಲ್ಲುಗಳನ್ನು ಅದರಲ್ಲಿ ಮುಳುಗಿಸಿಡಬೇಕು, ಅದೂ ನಿಯಮವೇ. ಉದಯ ತನ್ನ ದವಾಖಾನೆಯಲ್ಲಿ ದಿನವೂ ಮಾಡುವ ಕೆಲಸ. ಆದರೆ ಪಂಚಾಂಗ ಪದರಗಳಲ್ಲಿ ಹುಡುಕುವುದು ಕ್ಲೋರಿನ್ ಅಂಟಿದ ಚೂರನ್ನು, ಬ್ಲೀಚಿಂಗ್ ನೀರು ತುಂಬ ಇರುವುದೂ ಕ್ಲೋರಿನ್ನೇ. ಸದಾನಂದ ಮೂರು ಹಲ್ಲು ತೊಳೆದ, ಮೇಲ್ಪದರ ಕೆರೆದ, ಯಂತ್ರಕ್ಕೆ ಕೊಟ್ಟ. ಮೂರಕ್ಕೂ ಗೆರೆ ಹುಟ್ಟಿದ ವರ್ಷದಿಂದ ಸಾಯುವ ವರ್ಷದವರೆಗೂ ಎಂಬಂತೆ ಒಂದೇ ಎತ್ತರದಲ್ಲಿ ಓಡಿತು. ಮೆಹಬೂಬಸಾಬನ ಹಲ್ಲಿನಲ್ಲಿ ಲಾಕೌಟಿನ ವರ್ಷವೂ ಇರಲಿಲ್ಲ, ವಿನಾಲ್ ಬರುವ ಮುಂಚಿನ ವರ್ಷಗಳೂ ಇರಲಿಲ್ಲ. ಉದಯ ಕಿಟಕಿಯ ಹತ್ತಿರ ನಿಂತಿದ್ದವನು ಯಾರಿಗೂ ಹೇಳದೆ ಹೊರಗೆ ಹೋದ.

ಮೂರು ದಿನದ ಮೇಲೆ ಸದಾನಂದ ಒಂದು ಕಾಗದ ತಂದು ರೇವತಿಯ ಮೇಜಿನ ಮೇಲಿಟ್ಟ. ಬ್ಲೀಚಿಂಗಿನ ಪಾಲನ್ನು ಅಂದಾಜು ಮಾಡಿ ಕಳೆದರೆ ಗೆರೆಗಳು ಮತ್ತೆ ಮೂಡುತ್ತವೆ ಎಂದ. ಎಷ್ಟು ಕಳೆಯಬೇಕೆಂದು ಹೇಗೆ ಗೊತ್ತು ಎಂದು ಅವಳು ಕೇಳಿದಳು. ಚನ್ನಬಸಪ್ಪನ ಹಲ್ಲಿನ ಗೆರೆಗೆ ಹೊಂದುವಷ್ಟು ಎಂದ ಅವನು, ನೆಲ ನೋಡುತ್ತ.

ರೇವತಿ ಆ ಕಾಗದವನ್ನು ಅರ್ಧ ದಿನ ಎದುರಿಗಿಟ್ಟುಕೊಂಡು ಕೂತಳು. ಅದು ಸತ್ಯವೆಂದು ಅವಳಿಗೆ ಗೊತ್ತಿತ್ತು. ಮೆಹಬೂಬಸಾಬ ಅದೇ ಟ್ಯಾಂಕಿನ ಮುಂದೆ ನಿಂತವನು. ಅವನ ಗೆರೆ ಬೇರೆ ಹೇಗಿದ್ದೀತು? ಯಾರೂ ಹಿಡಿಯಲಾರರು. ಆದರೆ ಇಂಥ ಗೆರೆಗಳನ್ನು ಬೇರೆ ಬೇರೆ ರಾಸಾಯನಿಕಗಳ ಪ್ರಬಂಧಗಳಲ್ಲಿ ಕಂಡುಹಿಡಿದು ಪಕ್ಕಕ್ಕೆ ಇಡುವುದನ್ನೇ ಅವಳು ಇಪ್ಪತ್ತು ವರ್ಷ ಮಾಡಿದ್ದಳು. ತನಗೆ ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಲೆಕ್ಕ ಹೊಂದಿಸಿದ್ದಕ್ಕೆ ಕಾರ್ಖಾನೆಗಳು ಬರೆಸಿದ ಅರವತ್ತು ಪ್ರಬಂಧಗಳನ್ನು ಇದೇ ಪರಾಮರ್ಶೆಯಲ್ಲಿ ತಳ್ಳಿಹಾಕಿದ್ದಳು. ಸಂಜೆ ಕಾಗದವನ್ನು ಸದಾನಂದನಿಗೆ ಹಿಂದಿರುಗಿಸಿ, ಬೇಡ ಎಂದಳು. ಬೇರೆ ಊರುಗಳಲ್ಲಿ ಮೊದಲಿನಿಂದ ಶುರುಮಾಡೋಣವೆಂದರೆ ಅನುಮತಿ ಸಿಗಲಿಕ್ಕೇ ಒಂದು ವರ್ಷ. ಗಡುವು ಮುಂದಕ್ಕೆ ಹಾಕಿ ಎಂದು ಅವಳು ಬರೆದ ಪತ್ರಕ್ಕೆ, ಯಾವ ಪರಾಮರ್ಶೆಗೂ ಹಾಗೆ ಮಾಡಿದ ಪೂರ್ವನಿದರ್ಶನವಿಲ್ಲ ಎಂಬ ಉತ್ತರ ಬಂತು.

ಸಮಿತಿ ಬೆಂಗಳೂರಿನಲ್ಲಿ ಸೇರಿತು. ಅಧ್ಯಕ್ಷ ನಂಜುಂಡಯ್ಯ ನಿವೃತ್ತ ಪ್ರಾಧ್ಯಾಪಕರು, ಸಜ್ಜನರು. ರೇವತಿ ನೂರ ಹದಿನೆಂಟು ಹಲ್ಲುಗಳ ಗೆರೆಗಳನ್ನು ತೋರಿಸಿದಳು. ಲಾಕೌಟಿನ ವರ್ಷದ ಕುಸಿತ ಒಂದರ ಮೇಲೊಂದು ಬಿದ್ದು ಹಳ್ಳದಂತೆ ಕಂಡಿತು. ಗೆರೆ ಎತ್ತರವಿದ್ದವರಲ್ಲೇ ಕೈ ನಡುಕ ಹೆಚ್ಚು ಎಂಬುದೂ ಕಂಡಿತು. ಎಷ್ಟು ಹಲ್ಲು, ಯಾವ ದಿನದೊಳಗೆ ಎಂಬುದು ಜಾಲತಾಣದ ಯೋಜನೆಯಿಂದ ಕಾರ್ಖಾನೆಯವರಿಗೂ ತಿಳಿಯುವಂತಿತ್ತೆಂದು ಶಿಬಿರದ ವಿಷಯವನ್ನೂ ಹೇಳಿದಳು. ಉದ್ದೇಶಪೂರ್ವಕ ಎನ್ನಲು ಆಧಾರವಿದೆಯೆ ಎಂದು ಅಧ್ಯಕ್ಷರು ಕೇಳಿದರು. ಇರಲಿಲ್ಲ. ಶಿಬಿರದಿಂದ ಇನ್ನೂರ ನಾಲ್ಕು ಜನ ಊಟ ಮಾಡುವಂತಾಗಿದ್ದರು, ಅಷ್ಟೆ.

ಉದ್ಯಮಗಳ ಪ್ರತಿನಿಧಿಯಾಗಿ ಬಂದಿದ್ದ ಮಹಿಳೆ ಒಂದೇ ಒಂದು ಪ್ರಶ್ನೆ ಕೇಳಿದರು, ಮೃದುವಾಗಿಯೇ. ಮೊದಲು ಹಲ್ಲು ಕೊಟ್ಟ ನೂರ ಹದಿನೆಂಟು ಜನ, ತಮಗೆ ಕಾಯಿಲೆ ಇದೆ ಎಂಬ ಕಾರಣಕ್ಕೇ ಮುಂದೆ ಬಂದವರಲ್ಲವೆ? ಆರೋಗ್ಯವಾಗಿದ್ದವರು ಕೊಡುವ ಮುಂಚೆಯೇ ಸಂಗ್ರಹ ನಿಂತಿತಲ್ಲವೆ? ರೇವತಿ ಹೌದು ಎಂದಳು. ಬೇರೆಯವರ ಪ್ರಬಂಧವಾಗಿದ್ದರೆ ಮೊದಲು ಅದೇ ಪ್ರಶ್ನೆಯನ್ನು ಅವಳೂ ಕೇಳುತ್ತಿದ್ದಳು.

ತೀರ್ಮಾನ ಬರೆಯುವುದು ಕಾರ್ಯದರ್ಶಿಯಾದ ಅವಳ ಕೆಲಸ. ವಿನಾಲ್ ಹಾನಿಕರವೆನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಬರೆದಳು. ನಿಯಮದಂತೆ ಮುಂದಿನ ಪರಾಮರ್ಶೆ ಹತ್ತು ವರ್ಷಗಳ ನಂತರ ಎಂಬ ಸಾಲನ್ನೂ ಸೇರಿಸಿದಳು. ಎಲ್ಲರೂ ಎದ್ದು ಹೋದ ಮೇಲೆ ನಂಜುಂಡಯ್ಯನವರು ಅವಳ ಪಕ್ಕ ಬಂದು ಕೂತರು.

"ನಂಗೂ ಗೊತ್ತಮ್ಮ, ಅದು ವಿಷ ಅಂತ," ಎಂದರು. "ಆದ್ರೆ ಗೊತ್ತಿರೋದು ಬೇರೆ, ತೋರ್ಸೋದು ಬೇರೆ ಅಲ್ವಾ."

ಸುದ್ದಿ ಪತ್ರಿಕೆಯಲ್ಲಿ ಬರುವ ಮುಂಚೆ ತಾನೇ ಹೇಳಬೇಕೆಂದು ರೇವತಿ ಹುಬ್ಬಳ್ಳಿಯಲ್ಲಿ ರೈಲಿಳಿದು ನೇರವಾಗಿ ಚನ್ನಬಸಪ್ಪನ ಮನೆಗೆ ಹೋದಳು. ಅವನಿಗೂ ಶಿಬಿರದಲ್ಲಿ ಹೊಸ ಹಲ್ಲು ಕೊಟ್ಟಿದ್ದರು. ಆದರೆ ನಡುಕ ಈಗ ದವಡೆಗೂ ಇಳಿದಿತ್ತು. ಹಾಕಿಕೊಂಡರೆ ಮೇಲಿನ ಸಾಲು ಕೆಳಗಿನ ಸಾಲಿಗೆ ಬಡಿದು ದಿನವಿಡೀ ಕಟಕಟ ಎನ್ನುತ್ತದೆ, ಮಲಗಿದರೂ ನಿಲ್ಲುವುದಿಲ್ಲ ಎಂದು ನೀಲವ್ವ ಅದನ್ನು ತೆಗೆದು ಲೋಟದ ನೀರಿನಲ್ಲಿ ಹಾಕಿಟ್ಟಿದ್ದಳು. ಅಂಬಲಿ ಕುಡಿಸುತ್ತಿದ್ದಳು.

ರೇವತಿ ಎಲ್ಲವನ್ನೂ ಹೇಳಿದಳು. ಗಂಡ ಮಾಡಿದ್ದನ್ನೂ, ಸದಾನಂದ ತಂದ ಕಾಗದವನ್ನೂ, ತಾನು ಬೇಡ ಎಂದದ್ದನ್ನೂ ಮುಚ್ಚಿಡಲಿಲ್ಲ. ಚನ್ನಬಸಪ್ಪ ಕೇಳಿಸಿಕೊಂಡ. ಕಾಯಿಲೆಯಿಂದ ಅವನ ಮುಖ ಗೋಡೆಯಂತಾಗಿತ್ತು. ದುಃಖವೋ ಸಿಟ್ಟೋ ತಿಳಿಯುವ ಹಾಗಿರಲಿಲ್ಲ. ಮಾತು ಬರುವುದಕ್ಕೂ ಹೊತ್ತು ಹಿಡಿಯಿತು.

"ನನ್ನ ಹಲ್ಲು ಸುಳ್ಳ ಹೇಳಿತೇನ್ರಿ?"

"ಇಲ್ಲ. ಖರೇನ ಹೇಳಿತ್ತು."

"ಮತ್ತ?"

ನೀಲವ್ವ ಸೆರಗಿನಿಂದ ಅವನ ಬಾಯಿ ಒರೆಸಿ, ಚಹಾ ಮಾಡಲೇ ಎಂದು ರೇವತಿಯನ್ನು ಕೇಳಿದಳು. ಅವಳು ಬೇಡವೆನ್ನಲಿಲ್ಲ, ಬೇಡವೆಂದರೆ ಎದ್ದು ಹೋಗಬೇಕಾಗುತ್ತಿತ್ತು.

ಕಸ್ತೂರಿ ಒಳಕೋಣೆಯಲ್ಲಿ ಎರಡನೇ ಪಾಳಿಗೆ ಸಿದ್ಧಳಾಗುತ್ತಿದ್ದಳು. ಕೋಣೆಗಳ ನಡುವೆ ಬಾಗಿಲಿಲ್ಲದ ಮನೆ, ಎಲ್ಲವೂ ಕೇಳಿಸಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟುವ ಮೊದಲು ರೇವತಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಆ ಕೆಲಸಕ್ಕೆ ಹೋಗಬೇಡ ಎಂದು ರೇವತಿ ಅಂದಳು. ಅಂದ ಮೇಲೆ ಆ ಮಾತು ತನಗೇ ನಾಚಿಕೆ ತಂದಿತು. ಕಸ್ತೂರಿ ಬಾಯಿ ತೆರೆದು ಕೆಳದವಡೆಯ ಹಲ್ಲೊಂದನ್ನು ಬೆರಳಿಂದ ಮುಟ್ಟಿ ತೋರಿಸಿ, ಇದನ್ನು ಈಗಲೇ ಕಿತ್ತು ಕೊಟ್ಟರೆ ಆಗುತ್ತದೆಯೆ ಎಂದು ಕೇಳಿದಳು. ಗಟ್ಟಿ ಹಲ್ಲು ಕೀಳುವಂತಿಲ್ಲ, ಕಿತ್ತರೂ ಈಗ ನೋಡುವವರಿಲ್ಲ, ಕಡತ ಮುಚ್ಚಿದೆ ಎಂದಳು ರೇವತಿ.

"ಮತ್ತ ಯಾವಾಗ ನೋಡ್ತಾರ್ರಿ?"

"ಹತ್ತು ವರ್ಷ ಬಿಟ್ಟು."

ಕಸ್ತೂರಿ ಮನಸ್ಸಿನಲ್ಲೇ ಎಣಿಸಿದಳು. "ಆಗ ನನಗ ಮೂವತ್ತೊಂಬತ್ತ ಆಗಿರ್ತೈತಿ. ಅಷ್ಟೊತ್ತಿಗೆ ಒಂದರ ಅಲುಗ್ಯಾಡ್ತೈತಿ ಬಿಡ್ರಿ. ಯಾರ ಶಿಬಿರಕ್ಕೂ ಹೋಗೂದಿಲ್ಲ ನಾ. ನನ್ನ ಹೆಸರು ಬರಕೊಳ್ರಿ."

ರೇವತಿ ಅವಳ ಮುಖ ನೋಡಿದಳು. ಕಸ್ತೂರಿ ಕಾಯುತ್ತಿದ್ದಳು. ಚೀಲದಿಂದ ಹೊಸ ನೋಟುಪುಸ್ತಕ ತೆಗೆದು, ಮೊದಲ ಪುಟದಲ್ಲಿ ರೇವತಿ ಬರೆದಳು: ಕಸ್ತೂರಿ ಹಾದಿಮನಿ, ಇಪ್ಪತ್ತೊಂಬತ್ತು ವರ್ಷ, ಟ್ಯಾಂಕಿನ ಕೆಲಸಕ್ಕೆ ಸೇರಿ ನಾಲ್ಕು ವರ್ಷ. ಕಸ್ತೂರಿ ಬಾಗಿ ತನ್ನ ಹೆಸರು ಸರಿಯಾಗಿದೆಯೆ ಎಂದು ಓದಿಕೊಂಡು, ಊಟದ ಡಬ್ಬಿ ಎತ್ತಿಕೊಂಡು ಪಾಳಿಗೆ ಹೋದಳು.